ಆಟಿಯ ಒಂದು ದಿನ: ಕೈತೋಟದ ಪಾಠ ಮತ್ತು ಊರಿನ ಆಹಾರದ ಪರಿಚಯ

ತುಳುನಾಡಿನ ಸೌರಮಾನ ಕಾಲಗಣನೆಯಲ್ಲಿ ಆಟಿ ಎಂಬುದು ನಾಲ್ಕನೆಯ ತಿಂಗಳು. ಜುಲೈ ತಿಂಗಳ ನಡುವೆ ಆರಂಭವಾಗಿ ಆಗಸ್ಟ್ ತಿಂಗಳ ನಡುವೆ ಮುಗಿಯುವ ಈ ಅವಧಿಯು ಹಿಂದಿನ ಕಾಲದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಪ್ರದೇಶದ ಬಡ ಕುಟುಂಬಗಳಿಗೆ ವರ್ಷದ ಅತ್ಯಂತ ಕಠಿಣ ಕಾಲವಾಗಿತ್ತು. ಗದ್ದೆಯಲ್ಲಿ ನಾಟಿ ಮುಗಿದಿರುತ್ತಿತ್ತು. ಹೊಸ ಬತ್ತ ಮನೆ ಸೇರಲು ಇನ್ನೂ ತಿಂಗಳುಗಳು ಬೇಕಾಗಿದ್ದವು. ಸಂಗ್ರಹಿಸಿಟ್ಟ ಅಕ್ಕಿ ತಳ ಕಾಣುತ್ತಿತ್ತು. ಎಡೆಬಿಡದೆ ಸುರಿಯುವ ಮಳೆಯಿಂದಾಗಿ ಕೂಲಿ ಕೆಲಸವೂ ದೊರೆಯುತ್ತಿರಲಿಲ್ಲ, ಕಡಲಿಗೆ ಇಳಿಯುವುದೂ ಸಾಧ್ಯವಾಗುತ್ತಿರಲಿಲ್ಲ. ಇಂತಹ ದಿನಗಳಲ್ಲಿ ಜನರನ್ನು ಕಾಪಾಡಿದ್ದು ಮನೆಯ ಸುತ್ತಮುತ್ತ ತಾನಾಗಿ ಬೆಳೆಯುತ್ತಿದ್ದ ಸೊಪ್ಪು, ಗೆಡ್ಡೆ ಮತ್ತು ಬೇಸಿಗೆಯಲ್ಲಿಯೇ ಮುಂದಾಲೋಚನೆಯಿಂದ ಕೂಡಿಟ್ಟ ಪದಾರ್ಥಗಳು. ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಒಣಗಿಸಿಟ್ಟ ಹಲಸಿನ ಬೀಜ, ಕೆಸುವಿನ ಎಲೆಯ ಪತ್ರೊಡೆ, ತುಳುವಿನಲ್ಲಿ ತಜಂಕ್ ಎನಿಸಿಕೊಳ್ಳುವ ತಗಟೆ ಸೊಪ್ಪಿನ ಪಲ್ಯ, ಬಿದಿರಿನ ಎಳೆಯ ಮೊಳಕೆಯಾದ ಕಳಲೆ, ಮೆಂತ್ಯದ ಗಂಜಿ ಇವೆಲ್ಲ ಆಟಿಯ ಅಡುಗೆಗಳು.

ಇಂದು ಆಟಿಯ ಹಸಿವು ಹೆಚ್ಚಿನ ಮನೆಗಳಲ್ಲಿ ಉಳಿದಿಲ್ಲ. ಆದರೆ ಅದರ ನೆನಪು ಉಳಿದಿದೆ. 'ಆಟಿಡೊಂಜಿ ದಿನ', ಅಂದರೆ 'ಆಟಿಯಲ್ಲಿ ಒಂದು ದಿನ' ಎಂಬ ಹೆಸರಿನಲ್ಲಿ ಕರಾವಳಿಯ ಊರುಗಳಲ್ಲಿ ಮಾತ್ರವಲ್ಲದೆ ಮುಂಬಯಿಯಂತಹ ನಗರಗಳಲ್ಲಿ ನೆಲೆಸಿರುವ ತುಳು ಮತ್ತು ಕನ್ನಡ ಜನರ ಸಂಘಗಳಲ್ಲಿಯೂ ಪ್ರತಿವರ್ಷ ಕೂಟಗಳು ನಡೆಯುತ್ತವೆ. ಹಿರಿಯರು ಹಳೆಯ ದಿನಗಳನ್ನು ನೆನೆಯುತ್ತಾರೆ, ಮಹಿಳೆಯರು ಹತ್ತಾರು ಬಗೆಯ ಖಾದ್ಯಗಳನ್ನು ತಂದು ಬಡಿಸುತ್ತಾರೆ, ಆಟಿ ಕಳಂಜನ ಕುಣಿತವಿರುತ್ತದೆ. ಇಂತಹ ಒಂದು ದಿನವನ್ನು ಊಟಕ್ಕೆ ಸೀಮಿತಗೊಳಿಸದೆ ಕೈತೋಟದ ಪಾಠ ಮತ್ತು ಸ್ಥಳೀಯ ಆಹಾರದ ಪರಿಚಯದ ದಿನವನ್ನಾಗಿ ರೂಪಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಇಂತಹ ದಿನದ ಅಗತ್ಯ

ಹೊಟ್ಟೆ ತುಂಬಿದ ಮಾತ್ರಕ್ಕೆ ಶರೀರಕ್ಕೆ ಬೇಕಾದ ಪೋಷಣೆ ದೊರೆತಂತಾಗುವುದಿಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿ ಹಾಗೂ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67ರಷ್ಟು ಮಕ್ಕಳು ರಕ್ತಹೀನತೆಯಿಂದ ಬಳಲುತ್ತಿದ್ದರು. ಹಿಂದಿನ ಸಮೀಕ್ಷೆ ನಡೆದ 2015-16ರಲ್ಲಿ ಈ ಪ್ರಮಾಣ ಕ್ರಮವಾಗಿ ಶೇಕಡ 53 ಮತ್ತು 59ರಷ್ಟಿತ್ತು. ರಕ್ತಹೀನತೆಗೆ ಹಲವು ಕಾರಣಗಳಿವೆ. ಆಹಾರದಲ್ಲಿ ಕಬ್ಬಿಣಾಂಶ, ಫೋಲಿಕ್ ಆಮ್ಲ ಮೊದಲಾದವುಗಳ ಕೊರತೆ ಅವುಗಳಲ್ಲಿ ಪ್ರಮುಖವಾದುದು.

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ಆರೋಗ್ಯವಂತ ವಯಸ್ಕರು ದಿನವೊಂದಕ್ಕೆ ಸುಮಾರು 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣನ್ನು ಸೇವಿಸಬೇಕೆಂದು ಸೂಚಿಸುತ್ತದೆ. ಈ ಲೆಕ್ಕದಲ್ಲಿ ನಾಲ್ಕು ವಯಸ್ಕರಿರುವ ಒಂದು ಕುಟುಂಬಕ್ಕೆ ದಿನಕ್ಕೆ ಎರಡು ಕಿಲೋಗ್ರಾಂ ಬೇಕು. ನಗರದ ಮನೆಯ ಕಿಟಕಿಯಲ್ಲಿಯೋ ಬಾಲ್ಕನಿಯಲ್ಲಿಯೋ ಇರುವ ಹತ್ತು ಕುಂಡಗಳು ಇಷ್ಟನ್ನು ಒದಗಿಸಲಾರವು. ಹಾಗೆ ಭರವಸೆ ನೀಡುವುದು ತಪ್ಪಾಗುತ್ತದೆ. ಆದರೆ ಪೇಟೆಯಲ್ಲಿ ತರಕಾರಿ ಕೊಳ್ಳುವಾಗ ಮೊದಲು ಕೈಬಿಟ್ಟುಹೋಗುವುದು ಸೊಪ್ಪು. ಅದು ಬೇಗ ಬಾಡುತ್ತದೆ, ಬಿಡಿಸಿ ತೊಳೆಯಲು ಸಮಯ ಬೇಕು, ಮಕ್ಕಳಿಗೆ ಅದರ ರುಚಿ ಪರಿಚಯವಿಲ್ಲ. ವಾರಕ್ಕೆ ಎರಡು ದಿನವಾದರೂ ತಾಜಾ ಸೊಪ್ಪು ಕೈಗೆಟಕುವಂತೆ ಮಾಡುವುದು ಮತ್ತು ತಾನು ನೀರೆರೆದು ಬೆಳೆಸಿದ್ದನ್ನು ಮಗು ತಿನ್ನುವಂತೆ ಮಾಡುವುದು ಪುಟ್ಟ ಕೈತೋಟದ ನಿಜವಾದ ಪ್ರಯೋಜನ.

ಹೆಸರು ಮರೆತರೆ ಆಹಾರವೂ ಮರೆಯುತ್ತದೆ

ಊರು ಬಿಟ್ಟು ಬಂದವರ ಅಡುಗೆಮನೆಯಿಂದ ಸೊಪ್ಪು ಮರೆಯಾಗಲು ಇನ್ನೊಂದು ಕಾರಣವುಂಟು. ಗಿಡ ಅದೇ ಆಗಿದ್ದರೂ ಹೆಸರು ಬದಲಾಗಿರುತ್ತದೆ. ಕರಾವಳಿಯಿಂದ ಮುಂಬಯಿಗೆ ಬಂದ ಗೃಹಿಣಿಯು ತಗಟೆ ಸೊಪ್ಪನ್ನು ಕೇಳಿದರೆ ಮಾರುವವರಿಗೆ ತಿಳಿಯುವುದಿಲ್ಲ. ಅದೇ ಸೊಪ್ಪು 'ಟಾಕಳಾ' ಎಂಬ ಹೆಸರಿನಲ್ಲಿ ಅವರ ಬುಟ್ಟಿಯಲ್ಲಿಯೇ ಇರುತ್ತದೆ. ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಅಲ್ಲಿ 'ಅಳು'. ಅದರಿಂದ ಮಾಡುವ 'ಅಳುವಡಿ' ಪತ್ರೊಡೆಯ ಹತ್ತಿರದ ಬಂಧು. ಕಲಬುರಗಿ, ಬೀದರ, ವಿಜಯಪುರ ಕಡೆಯವರಿಗೆ ಪ್ರಿಯವಾದ ಪುಂಡಿ ಸೊಪ್ಪು ಪುಣೆಯಲ್ಲಿ 'ಅಂಬಾಡಿ', ಹೈದರಾಬಾದಿನಲ್ಲಿ 'ಗೋಂಗೂರ', ಚೆನ್ನೈಯಲ್ಲಿ 'ಪುಳಿಚ್ಚ ಕೀರೈ'. ಬಸಳೆಯನ್ನು ಮರಾಠಿಯಲ್ಲಿ 'ಮಾಯಾಳು' ಎಂದೂ ತೆಲುಗಿನಲ್ಲಿ 'ಬಚ್ಚಲಿ' ಎಂದೂ ಹಿಂದಿಯಲ್ಲಿ 'ಪೋಯಿ' ಎಂದೂ ಕರೆಯುತ್ತಾರೆ. ಸಬ್ಬಸಿಗೆಯು ಪುಣೆಯಲ್ಲಿ 'ಶೇಪು', ದೆಹಲಿಯಲ್ಲಿ 'ಸೋಯಾ'. ಹೊನಗೊನ್ನೆಯು ಚೆನ್ನೈಯಲ್ಲಿ 'ಪೊನ್ನಾಂಗಣ್ಣಿ', ಹೈದರಾಬಾದಿನಲ್ಲಿ 'ಪೊನ್ನಗಂಟಿ'. ದಂಟಿನ ಸೊಪ್ಪು ಮರಾಠಿಯಲ್ಲಿ 'ಮಾಠ', ತೆಲುಗಿನಲ್ಲಿ 'ತೋಟಕೂರ', ಹಿಂದಿಯಲ್ಲಿ 'ಚೌಲಾಯಿ'.

ಹೆಸರು ತಿಳಿಯದ ಕಾರಣ ಮನೆಯವರು ಕೇವಲ ಪಾಲಕ್ ಮತ್ತು ಮೆಂತ್ಯಕ್ಕೆ ತೃಪ್ತರಾಗುತ್ತಾರೆ. ಮುಂದಿನ ಪೀಳಿಗೆಯ ಪಾಲಿಗೆ ಊರಿನ ಹೆಸರೂ ಇಲ್ಲ, ನಗರದ ಹೆಸರೂ ಇಲ್ಲ. ಎಲ್ಲವೂ 'ಯಾವುದೋ ಸೊಪ್ಪು' ಆಗಿಬಿಡುತ್ತದೆ. ಆದ್ದರಿಂದ ಈ ದಿನದ ಸಿದ್ಧತೆಯಲ್ಲಿ ಮೊದಲ ಕೆಲಸವೆಂದರೆ ಹೆಸರುಗಳ ಪಟ್ಟಿಯನ್ನು ತಯಾರಿಸುವುದು. ಕನಿಷ್ಠ ಹನ್ನೆರಡು ಬಗೆಯ ಸೊಪ್ಪುಗಳ ತಾಜಾ ಕಟ್ಟುಗಳನ್ನು ಮೇಜಿನ ಮೇಲೆ ಜೋಡಿಸಿ, ಪ್ರತಿಯೊಂದರ ಮುಂದೆ ಕನ್ನಡದ ಹೆಸರನ್ನೂ ಆ ನಗರದ ಭಾಷೆಯ ಹೆಸರನ್ನೂ ದಪ್ಪ ಅಕ್ಷರದಲ್ಲಿ ಬರೆದಿಡಬೇಕು. ಮಕ್ಕಳು ಎಲೆಯನ್ನು ಮುಟ್ಟಿ, ಮೂಸಿ, ಹೆಸರನ್ನು ಬರೆದುಕೊಳ್ಳಬೇಕು.

ಬೆಳಗಿನ ಪಾಠ: ಕುಂಡ, ಮಣ್ಣು, ಬೀಜ

ಬೆಳಗಿನ ಎರಡು ಗಂಟೆಗಳನ್ನು ಕೈತೋಟಕ್ಕೆ ಮೀಸಲಿಡಬೇಕು. ಉಪನ್ಯಾಸಕ್ಕಿಂತ ಪ್ರಾತ್ಯಕ್ಷಿಕೆಗೆ ಪ್ರಾಧಾನ್ಯವಿರಬೇಕು. ಹತ್ತು ಹನ್ನೆರಡು ಜನರ ಗುಂಪುಗಳನ್ನು ಮಾಡಿ, ಪ್ರತಿಯೊಬ್ಬರೂ ಒಂದು ಕುಂಡವನ್ನು ತಾವೇ ತುಂಬಿ ಬಿತ್ತುವಂತೆ ವ್ಯವಸ್ಥೆ ಮಾಡುವುದು ಉತ್ತಮ.

ಕುಂಡವು ದುಬಾರಿಯದಾಗಿರಬೇಕಿಲ್ಲ. ಹಳೆಯ ಬಕೆಟ್ಟು, ಹಣ್ಣಿನ ಪೆಟ್ಟಿಗೆ, ದಪ್ಪ ಚೀಲ ಯಾವುದಾದರೂ ಆಗಬಹುದು. ತಳದಲ್ಲಿ ನೀರು ಬಸಿಯಲು ರಂಧ್ರಗಳಿರುವುದು ಮುಖ್ಯ. ಸೊಪ್ಪುಗಳಿಗೆ 15ರಿಂದ 20 ಸೆಂಟಿಮೀಟರ್ ಆಳ ಸಾಕು. ಟೊಮೆಟೊ, ಬದನೆ, ಮೆಣಸಿನಕಾಯಿಗಳಿಗೆ 30 ಸೆಂಟಿಮೀಟರ್ ಆಳ ಬೇಕು. ಕೆಂಪು ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ ಮತ್ತು ಮರಳನ್ನು ಸಮಪ್ರಮಾಣದಲ್ಲಿ ಬೆರೆಸಬಹುದು. ತಾರಸಿಯ ಮೇಲೆ ಭಾರವನ್ನು ಕಡಿಮೆ ಮಾಡಬೇಕಾದಲ್ಲಿ ಮಣ್ಣಿನ ಒಂದು ಭಾಗಕ್ಕೆ ಬದಲಾಗಿ ತೆಂಗಿನ ನಾರಿನ ಪುಡಿಯನ್ನು ಬಳಸಬಹುದು.

ಮೊದಲ ಬಾರಿಗೆ ತೋಟ ಮಾಡುವವರಿಗೆ ದಂಟಿನ ಸೊಪ್ಪು ಅತ್ಯಂತ ಸೂಕ್ತ. ಇದರ ಬೀಜ ಬಹಳ ಸಣ್ಣದಾದ್ದರಿಂದ ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ, ನೀರನ್ನು ಚಿಮುಕಿಸಬೇಕು. ವಾರದೊಳಗೆ ಮೊಳಕೆ ಕಾಣುತ್ತದೆ; 25ರಿಂದ 30 ದಿನಗಳಲ್ಲಿ ಮೊದಲ ಕೊಯ್ಲು ಸಾಧ್ಯ. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ 'ಅರ್ಕಾ ಸುಗುಣ' ತಳಿಯ ದಂಟನ್ನು ಬುಡಸಹಿತ ಕೀಳದೆ ಮೇಲ್ಭಾಗವನ್ನಷ್ಟೇ ಕತ್ತರಿಸುತ್ತ ಹಲವು ಬಾರಿ ಕೊಯ್ಯಬಹುದು.

ಬಸಳೆಗೆ ಬೀಜವನ್ನು ಹುಡುಕಬೇಕಾಗಿಲ್ಲ. ಪೇಟೆಯಿಂದ ತಂದ ಬಲಿತ ಬಸಳೆಯ ದಂಟಿನಲ್ಲಿ ಮೂರು ನಾಲ್ಕು ಗಿಣ್ಣುಗಳಿರುವ ತುಂಡನ್ನು ಕತ್ತರಿಸಿ, ಎರಡು ಗಿಣ್ಣು ಮಣ್ಣಿನೊಳಗಿರುವಂತೆ ನೆಟ್ಟರೆ ಬೇರು ಬಿಡುತ್ತದೆ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ಬಳ್ಳಿಯನ್ನು ಹಬ್ಬಿಸಬಹುದು. ದೊಡ್ಡಪತ್ರೆಯೂ ಹೀಗೆಯೇ ತುಂಡಿನಿಂದ ಬೆಳೆಯುತ್ತದೆ. ಈ ಎರಡನ್ನು ಒಬ್ಬರು ಬೆಳೆಸಿದರೆ ಇಡೀ ಕಟ್ಟಡದ ಮನೆಗಳಿಗೆ ಹಂಚಬಹುದು.

ಅಡುಗೆಮನೆಯ ಹಸಿ ಕಸದಿಂದ ಗೊಬ್ಬರ ತಯಾರಿಸುವ ವಿಧಾನವನ್ನೂ ಇದೇ ಅವಧಿಯಲ್ಲಿ ತೋರಿಸಬೇಕು. ರಂಧ್ರಗಳಿರುವ ಡ್ರಮ್ಮಿನಲ್ಲಿ ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ಒಂದು ಪದರ ಒಣ ಎಲೆ ಅಥವಾ ಮರದ ಹೊಟ್ಟನ್ನು ಹಾಕುತ್ತ ಬಂದು, ವಾರಕ್ಕೊಮ್ಮೆ ತಿರುವಿ ಹಾಕಬೇಕು. ಡ್ರಮ್ಮು ತುಂಬಿದ ಅನಂತರ ಸುಮಾರು ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ. ದುರ್ವಾಸನೆ ಬಂದರೆ ಒಣ ಪದಾರ್ಥ ಕಡಿಮೆಯಾಗಿದೆ ಎಂದು ತಿಳಿಯಬೇಕು.

ಮಧ್ಯಾಹ್ನದ ಮಾತು: ಊರಿನ ಆಹಾರ

ಊಟದ ಮೊದಲು ಅಥವಾ ಅನಂತರ ನಡೆಯುವ ಮಾತುಕತೆಯಲ್ಲಿ ಮೂವರು ಮಾತನಾಡಿದರೆ ಸಾಕು. ಮೊದಲನೆಯವರು ಆಟಿಯನ್ನು ಕಂಡು ಬಾಳಿದ ಒಬ್ಬ ಹಿರಿಯರು. ಅವರು ಹೇಳಬೇಕಾದುದು ಖಾದ್ಯದ ರುಚಿಯ ಬಗ್ಗೆ ಮಾತ್ರವಲ್ಲ. ಯಾವ ಸೊಪ್ಪನ್ನು ಯಾವ ತಿಂಗಳಲ್ಲಿ, ಯಾವ ಹದದಲ್ಲಿ ಕೊಯ್ಯುತ್ತಿದ್ದರು, ಯಾವುದನ್ನು ಮುಟ್ಟುತ್ತಿರಲಿಲ್ಲ, ಅಕ್ಕಿ ಮುಗಿದಾಗ ಮನೆಯಲ್ಲಿ ಯಾರು ಕಡಿಮೆ ಉಣ್ಣುತ್ತಿದ್ದರು ಎಂಬುದನ್ನೂ ಹೇಳಬೇಕು. ಉಡುಪಿಯ ಇಡ್ಲಿ ದೋಸೆಗಳು ಹೋಟೆಲುಗಳ ಮೂಲಕ ಮುಂಬಯಿಗೆ ಚಿರಪರಿಚಿತವಾದವು. ಬಡತನದ ಗುರುತಾಗಿದ್ದ ತಜಂಕ್ ಪಲ್ಯವು ಆ ಪಟ್ಟಿಯನ್ನು ಏರಲಿಲ್ಲ. ಹಸಿವಿನ ಕಾಲದ ಜ್ಞಾನವನ್ನು ಹೇಳಿಕೊಳ್ಳಲು ಹಿರಿಯರು ಸಂಕೋಚಪಡದಂತೆ ಗೌರವದಿಂದ ಕೇಳುವುದು ಕಿರಿಯರ ಕರ್ತವ್ಯ. ಅವರ ಮಾತನ್ನು ಬರೆದಿಟ್ಟುಕೊಳ್ಳದಿದ್ದರೆ ಆ ತಿಳಿವಳಿಕೆ ಅವರೊಂದಿಗೇ ಕೊನೆಗೊಳ್ಳುತ್ತದೆ.

ಎರಡನೆಯವರು ಆ ನಗರದ ನೆಲದ ಸೊಪ್ಪನ್ನು ಬಲ್ಲವರು. ಮಳೆಗಾಲದಲ್ಲಿ ಠಾಣೆ ಮತ್ತು ಪಾಲಘರ್ ಜಿಲ್ಲೆಗಳ ಆದಿವಾಸಿ ಮಹಿಳೆಯರು ಮುಂಬಯಿಯ ಉಪನಗರಗಳ ಮಾರುಕಟ್ಟೆಗಳಿಗೆ 'ರಾನಭಾಜಿ', ಅಂದರೆ ಕಾಡುಸೊಪ್ಪುಗಳನ್ನು ತಂದು ಮಾರುತ್ತಾರೆ. ಮಹಾರಾಷ್ಟ್ರದಲ್ಲಿ ಆಗಸ್ಟ್ ತಿಂಗಳಿನಲ್ಲಿ ರಾನಭಾಜಿ ಮಹೋತ್ಸವಗಳೂ ನಡೆಯುತ್ತವೆ. ಅಂತಹ ಒಬ್ಬ ಮಹಿಳೆಯನ್ನು ಆಹ್ವಾನಿಸಿ, ಅವರ ಒಂದು ದಿನದ ಸಂಪಾದನೆಗೆ ಕಡಿಮೆಯಾಗದ ಸಂಭಾವನೆಯನ್ನು ನೀಡಿ, ವೇದಿಕೆಯಲ್ಲಿ ಗುರುವಿನ ಸ್ಥಾನದಲ್ಲಿ ಕೂರಿಸಬೇಕು. ಕರಾವಳಿಯ ಅಜ್ಜಿಯೂ ಸಹ್ಯಾದ್ರಿಯ ಆ ಮಹಿಳೆಯೂ ಒಂದೇ ಸೊಪ್ಪನ್ನು ಕೈಯಲ್ಲಿ ಹಿಡಿದು ತಂತಮ್ಮ ಭಾಷೆಯಲ್ಲಿ ಅದರ ಹೆಸರನ್ನು ಹೇಳಿದಾಗ, ಸ್ಥಳೀಯ ಆಹಾರವೆಂಬುದು ಬಿಟ್ಟುಬಂದ ಊರಿನದು ಮಾತ್ರವಲ್ಲ, ಈಗ ಬಾಳುತ್ತಿರುವ ಊರಿನದೂ ಹೌದು ಎಂಬುದು ಸಭೆಗೆ ಸುಲಭವಾಗಿ ಮನದಟ್ಟಾಗುತ್ತದೆ.

ಮೂರನೆಯವರು ವೈದ್ಯರು ಅಥವಾ ಪೋಷಣ ತಜ್ಞರು. ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು, ಹೆಚ್ಚಿದ ಮೇಲೆ ತೊಳೆದರೆ ಸತ್ತ್ವ ನೀರುಪಾಲಾಗುತ್ತದೆ. ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಬೇಕು. ಸೊಪ್ಪಿನ ಕಬ್ಬಿಣಾಂಶವು ಶರೀರಕ್ಕೆ ಚೆನ್ನಾಗಿ ಹೀರಲ್ಪಡಲು 'ಸಿ' ಜೀವಸತ್ತ್ವ ಬೇಕಾದ್ದರಿಂದ ಊಟದಲ್ಲಿ ನಿಂಬೆಹಣ್ಣು ಅಥವಾ ನೆಲ್ಲಿಕಾಯಿ ಇರಲಿ. ಊಟವಾದ ಕೂಡಲೇ ಚಹಾ, ಕಾಫಿ ಕುಡಿಯುವುದರಿಂದ ಕಬ್ಬಿಣಾಂಶದ ಹೀರಿಕೆ ಕುಗ್ಗುತ್ತದೆ: ಈ ನಾಲ್ಕು ವಿಷಯಗಳನ್ನು ಅವರು ಸರಳವಾಗಿ ತಿಳಿಸಬೇಕು. ಈಗಾಗಲೇ ರಕ್ತಹೀನತೆ ಇರುವವರಿಗೆ ಸೊಪ್ಪೊಂದೇ ಚಿಕಿತ್ಸೆಯಲ್ಲ. ವೈದ್ಯರು ಸೂಚಿಸಿದ ಕಬ್ಬಿಣಾಂಶದ ಮಾತ್ರೆಗಳನ್ನು, ವಿಶೇಷವಾಗಿ ಗರ್ಭಿಣಿಯರು, ತಪ್ಪದೆ ಸೇವಿಸಬೇಕು.

ಗಮನದಲ್ಲಿಡಬೇಕಾದ ಎಚ್ಚರಿಕೆಗಳು

ಹಳೆಯ ಆಹಾರಪದ್ಧತಿಯಲ್ಲಿ ಸೊಪ್ಪಿನ ಜೊತೆಗೆ ಎಚ್ಚರಿಕೆಯೂ ಕಲಿಸಲ್ಪಡುತ್ತಿತ್ತು. ಸೊಪ್ಪನ್ನು ಮಾತ್ರ ನೆನಪಿಟ್ಟುಕೊಂಡು ಎಚ್ಚರಿಕೆಯನ್ನು ಮರೆತರೆ ಅಪಾಯ ತಪ್ಪದು.

1. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಬಾಯಿ ಮತ್ತು ಗಂಟಲಿನಲ್ಲಿ ತುರಿಕೆಯನ್ನು ಉಂಟುಮಾಡುತ್ತವೆ. ತಿನ್ನುವ ಜಾತಿಯ ಎಲೆಯನ್ನೇ ಆರಿಸಿ, ಹುಣಿಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸಬೇಕು.

2. ಕಳಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅದನ್ನು ತೆಳುವಾಗಿ ಹೆಚ್ಚಿ, ದಿನವೂ ನೀರನ್ನು ಬದಲಿಸುತ್ತ ಮೂರು ದಿನ ನೆನೆಸಿ, ಅನಂತರ ಬೇಯಿಸುವ ಹಿರಿಯರ ಪದ್ಧತಿಯನ್ನು ಸಮಯದ ಅಭಾವವೆಂದು ಮೊಟಕುಗೊಳಿಸಬಾರದು.

3. ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯವನ್ನು ಕುಡಿಯುವ ರೂಢಿಯಿದೆ. ಮುಂಜಾನೆಯ ಕತ್ತಲಲ್ಲಿ ತೊಗಟೆ ತರುವಾಗ ಮರ ತಪ್ಪಿದರೆ ಪ್ರಾಣಾಪಾಯವುಂಟು. ಕಾಸರಕದ ತೊಗಟೆಯಲ್ಲಿ ತೀವ್ರವಾದ ವಿಷವಿದೆ. ಮರವನ್ನು ಖಚಿತವಾಗಿ ಬಲ್ಲವರು ಹಗಲಿನಲ್ಲಿಯೇ ಗುರುತು ಮಾಡಿಟ್ಟಿದ್ದಲ್ಲದೆ ಕಷಾಯವನ್ನು ಮಾಡಬಾರದು. ನಗರದ ಕೂಟಗಳಲ್ಲಿ ಇದನ್ನು ಕೈಬಿಡುವುದೇ ಲೇಸು.

4. ಚರಂಡಿ, ರೈಲು ಹಳಿ, ಹೆದ್ದಾರಿಗಳ ಬದಿಯಲ್ಲಿ ಬೆಳೆದ ಸೊಪ್ಪನ್ನು ಕೊಯ್ಯಬಾರದು. ಖಚಿತವಾಗಿ ಗುರುತಿಸಲಾಗದ ಸೊಪ್ಪನ್ನು ತಿನ್ನಬಾರದು.

5. ಒದ್ದೆ ಮಣ್ಣು ಬಹಳ ಭಾರ. ಒಂದು ಚದರ ಮೀಟರ್ ಜಾಗದಲ್ಲಿ 20 ಸೆಂಟಿಮೀಟರ್ ಎತ್ತರಕ್ಕೆ ಹರಡಿದ ಒದ್ದೆ ಮಣ್ಣು 300 ಕಿಲೋಗ್ರಾಂಗಿಂತಲೂ ಹೆಚ್ಚು ತೂಗುತ್ತದೆ. ಹಳೆಯ ಕಟ್ಟಡಗಳಲ್ಲಿ ಎಂಜಿನಿಯರರ ಸಲಹೆ ಮತ್ತು ಗೃಹನಿರ್ಮಾಣ ಸಂಘದ ಅನುಮತಿ ಇಲ್ಲದೆ ತಾರಸಿಯ ಮೇಲೆ ಮಣ್ಣು ಏರಿಸಬಾರದು. ಕಿಟಕಿಯ ಕುಂಡಗಳನ್ನು ಕೆಳಗೆ ಬೀಳದಂತೆ ಕಟ್ಟಬೇಕು.

6. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಜ್ವರವನ್ನು ಹರಡುವ ಸೊಳ್ಳೆಗಳು ಬೆಳೆಯುತ್ತವೆ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದು ಮಾಡಿ, ಉಜ್ಜಿ ತೊಳೆಯಬೇಕು.

ಊರಿಗೆ ತಕ್ಕ ಕಾಲ

ಆಟಿಯ ದಿನವನ್ನು ಎಲ್ಲ ನಗರಗಳಲ್ಲಿಯೂ ಒಂದೇ ರೀತಿಯಲ್ಲಿ ನಡೆಸಲಾಗದು. ತುಳುವರ ಆಟಿ ಮತ್ತು ತಮಿಳರ ಆಡಿ ಒಂದೇ ಸೌರಮಾಸ. ಕರಾವಳಿಯಲ್ಲಿ ಅದು ಭಾರಿ ಮಳೆಯ, ಬರಿದಾದ ಕಣಜದ ತಿಂಗಳಾದರೆ, ತಮಿಳುನಾಡಿನಲ್ಲಿ ಬಿತ್ತನೆಗೆ ಪ್ರಶಸ್ತವಾದ ತಿಂಗಳು. ಆದ್ದರಿಂದ ಚೆನ್ನೈಯ ಕನ್ನಡಿಗರು ಇದೇ ತಿಂಗಳಲ್ಲಿ ಬೀಜ ಬಿತ್ತಬಹುದು. ಮುಂಬಯಿಯಲ್ಲಿ ಆಟಿಯ ರಭಸದ ಮಳೆಗೆ ಸಣ್ಣ ಬೀಜಗಳು ಕೊಚ್ಚಿಹೋಗುವ ಸಂಭವವಿರುವುದರಿಂದ ಕುಂಡಗಳನ್ನು ಸೂರಿನ ಕೆಳಗಿಡಬೇಕು, ಬಸಳೆ ಮತ್ತು ದೊಡ್ಡಪತ್ರೆಯ ತುಂಡುಗಳಿಗೆ ಆದ್ಯತೆ ನೀಡಬೇಕು. ಪುಣೆ ಮತ್ತು ಹೈದರಾಬಾದಿನಲ್ಲಿ ಪುಂಡಿ ಮತ್ತು ದಂಟಿನ ಸೊಪ್ಪುಗಳು ಮಳೆಗಾಲಕ್ಕೆ ಹೊಂದಿಕೊಳ್ಳುತ್ತವೆ. ದೆಹಲಿಯಲ್ಲಿ ಮೆಂತ್ಯ, ಪಾಲಕ್, ಸಬ್ಬಸಿಗೆಗಳನ್ನು ಬಿತ್ತಲು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಸೂಕ್ತ ಕಾಲ. ಅಲ್ಲಿನವರು 2018ರಿಂದ ದೇಶದಾದ್ಯಂತ ಆಚರಿಸಲಾಗುತ್ತಿರುವ ಪೋಷಣ ಮಾಸದ ಸಂದರ್ಭದಲ್ಲಿ ಅಥವಾ ಅಕ್ಟೋಬರ್ 16ರ ವಿಶ್ವ ಆಹಾರ ದಿನದಂದು ಈ ಕೂಟವನ್ನು ಏರ್ಪಡಿಸಬಹುದು.

ಬೀಜ ಮತ್ತು ತಾಂತ್ರಿಕ ಸಲಹೆಗಾಗಿ ಸಮೀಪದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. 1974ರಲ್ಲಿ ಪುದುಚೇರಿಯಲ್ಲಿ ಮೊದಲನೆಯದು ಆರಂಭವಾದ ಈ ಕೇಂದ್ರಗಳು ಇಂದು ದೇಶದಲ್ಲಿ 700ಕ್ಕೂ ಹೆಚ್ಚಿವೆ.

ದಿನ ಮುಗಿದ ಮೇಲೆ

ಊಟ ಎಷ್ಟು ರುಚಿಯಾಗಿತ್ತು, ಎಷ್ಟು ಖಾದ್ಯಗಳಿದ್ದವು ಎಂಬುದರಿಂದ ಈ ದಿನದ ಯಶಸ್ಸನ್ನು ಅಳೆಯಲಾಗದು. ಬಂದ ಪ್ರತಿಯೊಂದು ಕುಟುಂಬವೂ ಬಿತ್ತಿದ ಒಂದು ಕುಂಡವನ್ನೂ ಎರಡು ಭಾಷೆಗಳ ಹೆಸರಿನ ಪಟ್ಟಿಯನ್ನೂ ಮನೆಗೆ ಕೊಂಡೊಯ್ಯಬೇಕು. ಮೂವತ್ತು ದಿನಗಳ ಅನಂತರ ಅದೇ ಜನರು ಮತ್ತೊಮ್ಮೆ ಅರ್ಧ ಗಂಟೆ ಸೇರಿ, ಯಾರ ಕುಂಡದಲ್ಲಿ ಏನು ಬೆಳೆಯಿತು, ಯಾರದು ಏಕೆ ಒಣಗಿತು ಎಂಬುದನ್ನು ಹೇಳಿಕೊಳ್ಳಬೇಕು. ಒಣಗಿದ ಕುಂಡವೂ ಪಾಠ ಕಲಿಸುತ್ತದೆ. ಆಟಿಯ ಹಿರಿಯರು ಹಸಿವಿನಿಂದ ಕಲಿತದ್ದನ್ನು ಇಂದಿನವರು ಹಸಿವಿಲ್ಲದೆಯೇ ಕಲಿಯುವ ಅವಕಾಶವಿದೆ. ಅದನ್ನು ಬಳಸಿಕೊಳ್ಳುವುದೇ ಆ ಹಿರಿಯರಿಗೆ ಸಲ್ಲಿಸುವ ಗೌರವ.

ಅಭ್ಯಾಸ

1. ಮನೆಯ ಹಿರಿಯರಿಂದ ಕೇಳಿ ತಿಳಿದು ಐದು ಸೊಪ್ಪುಗಳ ಕನ್ನಡ ಹೆಸರನ್ನೂ, ಮಾರುಕಟ್ಟೆಯಲ್ಲಿ ವಿಚಾರಿಸಿ ಅವುಗಳ ಸ್ಥಳೀಯ ಹೆಸರನ್ನೂ ಬರೆಯಿರಿ.

2. ಕಳೆದ ಏಳು ದಿನಗಳಲ್ಲಿ ಮನೆಯಲ್ಲಿ ಎಷ್ಟು ಸಲ ಸೊಪ್ಪಿನ ಅಡುಗೆ ಮಾಡಲಾಯಿತು? ಮನೆಯವರೆಲ್ಲರೂ ಅದನ್ನು ಸಮನಾಗಿ ಉಂಡರೆ?

3. ಕಳಲೆ ಮತ್ತು ಕೆಸುವಿನ ಅಡುಗೆಯಲ್ಲಿ ಹಿರಿಯರು ಪಾಲಿಸುತ್ತಿದ್ದ ಎಚ್ಚರಿಕೆಗಳು ಯಾವುವು? ಅವುಗಳ ಕಾರಣವೇನು?

4. ಮನೆಯಲ್ಲಿ ದಿನಕ್ಕೆ ನಾಲ್ಕು ಗಂಟೆಯಾದರೂ ಬಿಸಿಲು ಬೀಳುವ ಜಾಗ ಯಾವುದು? ಅಲ್ಲಿ ಎಷ್ಟು ಕುಂಡಗಳನ್ನು ಸುರಕ್ಷಿತವಾಗಿ ಇಡಬಹುದು?